ಬಾಗಿಲು ಮುಚ್ಚದ ಬೂತು

ಶೀಲಾಳ ಎಸ್‌ಟಿಡಿ ಬೂತಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹಳೇ ಬಾಗಲಕೋಟೆಯಲ್ಲಿದ್ದಾಗ ಸರಿಯಾಗಿಯೇ ಇತ್ತು. ಅಣೆಕಟ್ಟಿನ ಹಿನ್ನೀರು ಬಂತೆಂದು ನಾವೆಲ್ಲ ಗಂಟುಮೂಟೆ ಕಟ್ಟಿ ನವನಗರಕ್ಕೆ ಬಂದಾಗ ಆ ಗಾಜಿನ ಗೂಡನ್ನೂ ಟ್ರ್ಯಾಕ್ಟರಿನಲ್ಲಿ ಹೇರಿ ತಂದರು. ಹಮಾಲರು ಅದನ್ನು ಇಳಿಸಲಿಲ್ಲ, ಒಗೆದರು. ಚೌಕಟ್ಟು ಸೊಟ್ಟಗಾಗಿ, ಬಾಗಿಲು ಅಂದಿನಿಂದ ನಾಲ್ಕು ಬೆರಳು ತೆರೆದೇ ನಿಂತಿತು. ಒಳಗೆ ಮಾತಾಡಿದ್ದೆಲ್ಲ ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುತ್ತ ನಿಂತ ನನಗೆ ಕೇಳಿಸುತ್ತಿತ್ತು. ನಾನೇನು ಕದ್ದು ಕೇಳುತ್ತಿರಲಿಲ್ಲ. ಅಲ್ಲಿ ಮಾತಾಡುವವರು ಹಂಗೆ ಚೀರುತ್ತಿದ್ದರೆ ನಾನೇನು ಕಿವಿಗೆ ಅರಳೆ ಇಟ್ಟುಕೊಳ್ಳಲೇ?

ನಾನು ಕನಕಪ್ಪ. ಬಸ್‌ಸ್ಟ್ಯಾಂಡಿನ ಎದುರಿನ ಚಹಾ, ಗಿರ್ಮಿಟ್ಟು, ಭಜಿಯ ಗಾಡಿ ನನ್ನದು. ಈ ಮನುಷ್ಯನಿಗೆ ಸಿಟ್ಟು ಜಾಸ್ತಿ ಎಂದು ಜನ ಅನ್ನುತ್ತಾರೆ. ಅರ್ಧ ಭಜಿ ತಿಂದು ಅರ್ಧ ಬಿಟ್ಟು ಹೋಗುವವರನ್ನು ಕಂಡರೆ ಮೈ ಉರಿಯುತ್ತದೆ, ಅಷ್ಟೇ. ಅದಿರಲಿ, ನಾನು ಹೇಳಹೊರಟಿದ್ದು ಶೀಲಾಳ ವಿಷಯ.

ಶೀಲಾ ಗುಳೇದಗುಡ್ಡದವಳು. ಕುಪ್ಪಸದ ಖಣ ನೇಯುವ ಮನೆತನ. ತಂದೆ ಬಾಬಣ್ಣ ತೀರಿಕೊಂಡ ಮೇಲೆ ತಾಯಿ ರತ್ನವ್ವ ಮತ್ತು ಅಣ್ಣ ಶ್ರೀಧರ ಮಗ್ಗ ನಡೆಸುತ್ತಿದ್ದರು. ಇವಳಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲು ಸೋತಿತ್ತು. ಮಗ್ಗ ತುಳಿಯಲು ಎರಡು ಕಾಲೂ ಬೇಕು. ಮನೆಯ ಕಸುಬು ಕೈಗೆ ಬರಲಿಲ್ಲ, ಪಿಯುಸಿ ಮುಗಿಸಿದ ಮೇಲೆ ಅಂಗವಿಕಲರ ಕೋಟಾದಲ್ಲಿ ಬೂತು ಸಿಕ್ಕಿತು. ಬೂತಿನ ಹಿಂದೆಯೇ ಒಂದು ಖೋಲಿ ಬಾಡಿಗೆ ಹಿಡಿದು ಒಬ್ಬಳೇ ಇದ್ದಳು. ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ನಡೆಯುತ್ತಿದ್ದಳು, ನಡೆಯುವಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಯಾರಾದರೂ “ಅಯ್ಯ ಪಾಪ” ಅಂದರೆ ಮುಗಿಯಿತು, ಅವರ ಮುಖವನ್ನು ಇಂಗು ತಿಂದ ಮಂಗನ ಹಾಗೆ ಮಾಡಿ ಕಳಿಸುತ್ತಿದ್ದಳು.

ಅವಳದೊಂದು ಕಟ್ಟುನಿಟ್ಟಿನ ನೇಮವಿತ್ತು. ಬೂತಿನಲ್ಲಿ ಕೇಳಿಸಿದ ಮಾತು ಹೊರಗೆ ಆಡಬಾರದು. ನಾನು ಚಪಲ ತಡೆಯದೆ, “ಆ ಹುಡುಗಿ ಯಾಕ ಅಳಾಕತ್ತಿದ್ಳವ್ವ?” ಎಂದು ಕೇಳಿದರೆ, “ಬೂತಿನ ಮಾತು ಬೂತಿನಾಗ ಇರ್ಲಿ ಕಾಕಾ, ನಿಮ್ಮ ಎಣ್ಣಿ ಹೊತ್ತಾಕತ್ತೈತಿ ನೋಡ್ರಿ” ಅನ್ನುತ್ತಿದ್ದಳು.

ಇನ್ನೊಂದು ಹುಚ್ಚೂ ಇತ್ತು. ಫೋನು ಕೆಟ್ಟು ಲೈನ್‌ಮನ್ ಅಂದಪ್ಪ ಬಂದರೆ ಅವನ ಬಗಲಲ್ಲೇ ಕುಳಿತು ಪಕ್ಕಡ, ಸ್ಕ್ರೂಡ್ರೈವರು ಹಿಡಿದುಕೊಡುವುದು, ಇದು ಯಾಕೆ, ಅದು ಯಾಕೆ ಎಂದು ಕೇಳಿ ಅವನ ತಲೆ ತಿನ್ನುವುದು. ಸತ್ತ ಫೋನಿನಲ್ಲಿ ಮತ್ತೆ ಗುಂಯ್ ಎಂದು ಸದ್ದು ಬಂದರೆ ಲಾಟರಿ ಹೊಡೆದವಳಂತೆ ನಗುತ್ತಿದ್ದಳು. “ಈ ಸಪ್ಪಳ ಕೇಳಿದ್ರ ಜೀವಕ್ಕ ಏನೋ ಭಾಳ ಹಗರಾಗ್ತೈತಿ ಕಾಕಾ” ಎಂದು ನನಗೆ ಹೇಳಿದ್ದಳು. ನನಗೆ ಅದು ತಿಳಿಯಲಿಲ್ಲ. ಭಜಿ ಉಬ್ಬಿ ಮೇಲೆ ಬಂದಾಗ ಆಗುವ ಸಂತೋಷ ಇರಬೇಕು ಅಂದುಕೊಂಡೆ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಮಂದಿಯ ಅಂಗಿಯ ಜೇಬಿನಲ್ಲಿ ಮೊಬೈಲು ಕುಣಿಯತೊಡಗಿತು. ಮೊದಲು ರವಿವಾರ ಬಂದರೆ ಬೂತಿನ ಮುಂದೆ ಪಾಳಿ ಹಚ್ಚುತ್ತಿದ್ದ ಜನ, ಕಾಯುತ್ತ ನನ್ನ ಭಜಿ ತಿನ್ನುತ್ತಿದ್ದರು. ಈಗ ಪಾಳಿಯೂ ಇಲ್ಲ, ಭಜಿಯೂ ಹೋಗುವುದಿಲ್ಲ. ಮೊಬೈಲು ಕಂಡುಹಿಡಿದ ಆ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಕಾದ ಎಣ್ಣೆಯ ಮುಂದೆ ಕೂಡಿಸಿ ನಾಲ್ಕು ಮಾತು ಕೇಳುತ್ತಿದ್ದೆ.

ಆ ದೀಪಾವಳಿಗೆ ಶ್ರೀಧರ ಚಕ್ಕುಲಿ, ಉಂಡಿಯ ಫರಾಳದ ಡಬ್ಬಿ ಹಿಡಿದುಕೊಂಡು ಬಂದ. ಒಳ್ಳೆಯ ಮನುಷ್ಯ, ತಂಗಿಯೆಂದರೆ ಜೀವ. ಆದರೆ ತಾನು ಅಂದದ್ದೇ ಆಗಬೇಕು.

“ಶೀಲಾ, ಸಾಕಿನ್ನು. ಫೋನ್ ಮಾಡವ್ರು ಯಾರ ಉಳದಾರ? ಬೂತ್ ಮುಚ್ಚು, ಮನಿಗೆ ನಡಿ. ಅವ್ವ ದಿನಾ ಕೇಳ್ತಾಳ. ಮನ್ಯಾಗ ಆರಾಮ ಕುಂದ್ರು, ನಾ ಏನ ನಿನಗ ಊಟಕ್ಕ ಕಡಿಮಿ ಮಾಡ್ತೇನೇನು?”

“ಕುಂದ್ರಾಕ ನಾ ಎಲ್ಲಿಗೂ ಬರಾಂಗಿಲ್ಲಣ್ಣ. ನಾ ನೆಟ್‌ವರ್ಕಿಂಗ್ ಕಲೀತೇನಿ.”

“ಏನ್ ಕಲೀತಿ?”

“ಕಂಪ್ಯೂಟರ್ ಒಂದಕ್ಕೊಂದು ಜೋಡಸೂದು. ಬ್ಯಾಂಕಿನಾಗ, ಆಫೀಸಿನಾಗ, ಸೈಬರ್ ಸೆಂಟರಿನಾಗ, ಈಗ ಎಲ್ಲಾ ಕಡೆ ಅದ ನಡದೈತಿ. ಅದು ಕೆಟ್ರ ಹುಬ್ಬಳ್ಳಿಂದ ಮನಶ್ಯಾ ಬರಬೇಕು. ಅಂವ ಬರೂತನಕ ಇವ್ರು ನೊಣಾ ಹೊಡಕೋತ ಕುಂತಿರತಾರ. ಆ ಕೆಲಸ ನಾ ಮಾಡ್ತೇನಿ.”

ಶ್ರೀಧರ ನನ್ನ ಕಡೆ ನೋಡಿದ. ನಾನು ಭಜಿ ತೆಗೆಯುವ ಝಾರಾ ತೊಳೆಯುವವನಂತೆ ಮುಖ ತಿರುಗಿಸಿದೆ. ಅಣ್ಣ-ತಂಗಿಯ ನಡುವೆ ಬಾಯಿ ಹಾಕಿದವನು ಉದ್ಧಾರವಾಗಿದ್ದನ್ನು ನಾನಂತೂ ನೋಡಿಲ್ಲ. ಕೊನೆಗೆ ಶ್ರೀಧರ, “ಆತು. ಒಂದ ಕೋರ್ಸು, ಒಂದ ಸಲ. ಬ್ಯಾಸಗಿ ಮುಗಿಯೂದ್ರೊಳಗ ಯಾರರೆ ಕರದು ನಿನಗ ಆ ಕೆಲಸ ಕೊಟ್ರ ಖರೆ. ಇಲ್ಲಂದ್ರ ನಾ ಟೆಂಪೋ ತಗೊಂಡ ಬರ್ತೇನಿ, ನೀ ಗಪ್‌ಚಿಪ್ ಹತ್ತಬೇಕು” ಅಂದ.

“ಹತ್ತತೇನಿ” ಅಂದಳು ಶೀಲಾ.

ಅವನು ಹೋದ ಮೇಲೆ ನಾನು, “ಹಂಗ್ಯಾಕ ಮಾತ ಕೊಟ್ಟಿಯವ್ವ?” ಎಂದು ಗದರಿದೆ. ಅವಳು ನಗಲಿಲ್ಲ. ಅವಳು ಕೂಡಿಟ್ಟದ್ದು ಒಂದೇ ಕೋರ್ಸಿಗೆ ಸಾಲುತ್ತಿತ್ತು. ತಪ್ಪು ಕಡೆ ಹೋಗಿ ಸೇರಿದಳೋ, ಮುಂದೆ ಗುಳೇದಗುಡ್ಡದ ಪಡಸಾಲೆಯಲ್ಲಿ ಆರಾಮ ಕೂಡುವುದೇ. ಅವಳಿಗೆ ಆ ಆರಾಮ ಅನ್ನುವ ಮಾತು ಕೇಳಿದರೇ ಉಸಿರು ಕಟ್ಟುತ್ತಿತ್ತು.

ಮೊದಲು ನೋಡಲು ಹೋದದ್ದು ನವನಗರದ ದೊಡ್ಡ ಇನ್‌ಸ್ಟಿಟ್ಯೂಟಿಗೆ. ಹಿರಿಯರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಕರೆದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಏನು ಕೇಳುತ್ತೀರಿ, ಗಾಜಿನ ಬಾಗಿಲು, ತಣ್ಣನೆ ಗಾಳಿ, ಕಾಲಿಟ್ಟರೆ ಜಾರುವ ನೆಲ! ಕುಡಿಯಲು ತಂಪು ಶರಬತ್ತು ಬೇರೆ. ನಾನು ಮನಸ್ಸಿನಲ್ಲೇ ಇದನ್ನು ಪಾಸು ಮಾಡಿಬಿಟ್ಟೆ. ಟೇಬಲ್ಲಿನ ಹಿಂದೆ ಕುಳಿತ ಹುಡುಗಿ ಶೀಲಾಳ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು.

“ಮೇಡಂ, ನೆಟ್‌ವರ್ಕಿಂಗ್ ಅಂದ್ರ ಏಣಿ ಹತ್ತೂದು ಇರತೈತ್ರಿ. ನಿಮಗ ಡಿಟಿಪಿ ಚಲೋ. ಟೈಪ್ ಮಾಡೂದು, ಕುಂತಲ್ಲೇ ಕೆಲಸ.”

“ಇಷ್ಟ ವರ್ಷ ನಾ ಕುಂತ ಬಂದೇನ್ರಿ ಬಾಯಾರ” ಅಂದಳು ಶೀಲಾ. “ಕುಂದ್ರೂದಕ್ಕ ಮತ್ತ ಕೋರ್ಸ್ ಯಾಕ ಬೇಕು?”

ಆ ಹುಡುಗಿ ಪೆಚ್ಚಾಗಿ, ಹಾಗಾದರೆ ನೆಟ್‌ವರ್ಕಿಂಗಿಗೂ ಸೀಟಿದೆ ಎಂದಳು. ಕಂಪ್ಯೂಟರ್ ಕೋಣೆಯನ್ನು ಗಾಜಿನ ಈಚೆಯಿಂದಲೇ ತೋರಿಸಿದಳು. ಹೊರಗೆ ಬಂದ ಮೇಲೆ ನಾನು, “ಎಷ್ಟ ತಂಪೈತಿ ನೋಡವ್ವ! ಇಲ್ಲೇ ಸೇರಿಬಿಡು” ಅಂದೆ. “ಅಲ್ಲಿ ತಂಪು ಕಲಸ್ತಾರೇನ ಕಾಕಾ?” ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು.

ಬಾದಾಮಿಯ ಇನ್ನೊಂದಕ್ಕೆ ಬೂತಿನಿಂದಲೇ ಫೋನು ಮಾಡಿದಳು. ಮಶೀನು ಮುಂದಿನ ತಿಂಗಳು ಬರುತ್ತವೆ, ಅಡ್ಮಿಷನ್ ಮಾತ್ರ ಇವತ್ತೇ ಮಾಡಿಸಿರಿ ಎಂದು ಆ ಕಡೆಯವನು ಹೇಳಿದ. ಇವಳು ಫೋನು ಇಟ್ಟಳು.

ಮೂರನೆಯದು ಹಳೇ ಬಾಗಲಕೋಟೆಯಲ್ಲಿ, ನೀರಿಗೆ ಸಿಗದೆ ಉಳಿದ ಓಣಿಯೊಂದರಲ್ಲಿತ್ತು. ಶಾಬುದ್ದೀನ ಮಾಸ್ತರ ಎಂಬವನು ತಂದೆಯ ಹತ್ತಿಯ ಗೋದಾಮಿನಲ್ಲಿ ನಡೆಸುತ್ತಿದ್ದದ್ದು. ಬೋರ್ಡು ಕೂಡ ನೆಟ್ಟಗಿರಲಿಲ್ಲವಂತೆ. ಅದರ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ, ಅಲ್ಲಿಯ ಹುಡುಗರ ಬೈಗುಳ.

ಇದನ್ನು ಬಿಡಿಸಿ ಹೇಳಬೇಕು. ಸಂಜೆಯಾದರೆ ಹೊರಗಿನಿಂದ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಖೋಲಿ ಹಿಡಿದು ಕಲಿಯುವ ಹುಡುಗರು ಶೀಲಾಳ ಬೂತಿನಿಂದಲೇ ಮನೆಗೆ ಫೋನು ಹಚ್ಚುತ್ತಿದ್ದರು. ಹುನಗುಂದದವರು, ಇಳಕಲ್ಲಿನವರು, ಬೇವೂರಿನವರು. ಕಿಸೆಯಲ್ಲಿ ಮೊಬೈಲು ಇಲ್ಲದ ಬಡವರ ಮಕ್ಕಳು. ಗಾಜಿನ ಇನ್‌ಸ್ಟಿಟ್ಯೂಟಿನ ಹುಡುಗರು ಟೈ ಕಟ್ಟಿಕೊಂಡು ಬಂದು, “ಎಲ್ಲಾ ಚಲೋ ನಡದೈತಿ ಯಪ್ಪಾ. ಹ್ಞೂಂ, ಚಲೋ ಐತಿ. ಫೋನ್ ಇಡ್ಲೇನು?” ಎಂದು ಇಷ್ಟರಲ್ಲೇ ಮುಗಿಸುತ್ತಿದ್ದರು. ಶಾಬುದ್ದೀನನ ಹುಡುಗರು ಬಂದರೆ ಬೂತು ಅದುರುತ್ತಿತ್ತು. ಅದರಲ್ಲೂ ಬೇವೂರಿನ ಬಸು. ಊರಲ್ಲಿ ನೆರೆಮನೆಯ ಫೋನಿಗೆ ಅವನ ತಾಯಿ ದುರಗವ್ವ ಬಂದು ನಿಂತಿರುತ್ತಿದ್ದಳು. ಇವನು ಶುರು ಹಚ್ಚಿಕೊಳ್ಳುತ್ತಿದ್ದ:

“ಯವ್ವಾ, ನನಗ ಸಾಕಾಗೇತಿ. ಆ ಮಾಸ್ತರ ಮನಶ್ಯಾ ಅಲ್ಲ! ದಿನಾ ಮುಂಜಾನಿ ನಾವು ಹೋಗೂದ್ರಾಗ ಎಲ್ಲೋ ಒಂದ ಕಡೆ ಏನೋ ಕೆಡಸಿ ಇಟ್ಟಿರತಾನ. ಅದನ್ನ ಹುಡುಕೂತನಕ ಚಹಾಕ್ಕೂ ಬಿಡಾಂಗಿಲ್ಲ. ಇವತ್ತ ವಾಯರಿನ ತುದಿಗೆ ಪಿನ್ ಹಾಕಾಕ ಹಚ್ಚಿದ್ದ. ಒಳಗ ಎಂಟ ಸಣ್ಣ ವಾಯರ್ ಇರತಾವ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸರ, ನೀಲಿ, ಬಿಳಿ-ನೀಲಿ, ಹಸರ, ಬಿಳಿ-ಕಂದು, ಕಂದು. ಒಂದ ಆಚೀಚಿ ಆತೋ, ಕತ್ತರಿಸಿ ಒಗೀತಾನ, ಮತ್ತ ಮೊದಲಿಂದ! ಬೆರಳೆಲ್ಲಾ ಕೊಯ್ದಾವ. ಹ್ಞೂಂ, ಉಂಡೇನಿ. ಏ, ನಾ ಏನ ಹೇಳಾಕತ್ತೇನಿ, ನೀ ಏನ ಕೇಳಾಕತ್ತೀ!”

ಇಂಥ ಹತ್ತು ಬೈಗುಳ ಕೇಳಿದ ಮೇಲೆ ಯಾರಾದರೂ ಆ ಗೋದಾಮಿನ ಕಡೆ ಕಾಲಿಡುತ್ತಾರೆಯೇ? ನಾನು ಹಾಗೆಯೇ ಹೇಳಿದೆ. ಶೀಲಾ ಅವತ್ತು ಬೂತಿನ ಸ್ಟೂಲಿನ ಮೇಲೆ ಕುಳಿತಿದ್ದಳು. ಒಮ್ಮೆಲೇ ತೊಡೆ ತಟ್ಟಿಕೊಂಡಳು.

“ಕಾಕಾ, ಚಲೋ ಐತಿ ಅನ್ನೂ ಹುಡುಗ್ರು, ಏನ ಚಲೋ ಐತಿ ಅಂತ ಒಂದಿನರೆ ಹೇಳ್ಯಾರೇನು? ಈ ಬಸ್ಯಾನ್ನ ನೋಡ್ರಿ. ಬೈಕೋತ ಬೈಕೋತ ಇಡೀ ಪಾಠ ತಾಯಿಗೆ ಒಪ್ಪಸಿ ಹೋಗ್ತಾನ. ಆಕಿಗೆ ತಿಳೀತೋ ಇಲ್ಲೋ, ನನಗ ತಿಳದೈತಿ. ನಾ ಅಲ್ಲೇ ಸೇರತೇನಿ.”

ನಾನು ಹಣೆ ಹಣೆ ಬಡಿದುಕೊಂಡೆ. ತಣ್ಣನೆ ಗಾಳಿ ಬಿಟ್ಟು ಹತ್ತಿಯ ಗೋದಾಮಿಗೆ ಹೋಗುವವಳನ್ನು ಏನನ್ನಬೇಕು? ಆದರೂ ಮರುದಿನ ಜೊತೆಗೆ ಹೋದೆ.

ಒಳಗೆ ಸಂತೆ ಮುಗಿದ ಬಯಲಿನ ಹಾಗೆ ಇತ್ತು. ನೆಲದ ಮೇಲೆಲ್ಲ ವಾಯರು, ಹೊಟ್ಟೆ ಬಿಚ್ಚಿ ಕೂಡಿಸಿದ ಕಂಪ್ಯೂಟರು, ನಡುವೆ ಮೊಣಕಾಲೂರಿ ಏನೋ ಹುಡುಕುತ್ತಿದ್ದ ಹುಡುಗರು. ಶಾಬುದ್ದೀನ ಮಾಸ್ತರನಿಗೆ ನನ್ನ ವಯಸ್ಸೇ ಇರಬೇಕು. ಗಡ್ಡ ಕೆರೆಯುತ್ತ ಶೀಲಾಳನ್ನು ನೋಡಿದ.

“ಏಣಿ ಹತ್ತೂ ಕೆಲಸ ಇರತೈತಿ ತಂಗಿ. ಹೆಂಗ ಮಾಡ್ತಿ?”

“ಹತ್ತವ್ರು ಬೇಕಾದಷ್ಟ ಮಂದಿ ಸಿಗ್ತಾರ್ರಿ. ಎಲ್ಲಿಗೆ ಹತ್ತಬೇಕು ಅಂತ ಹೇಳವ್ರು ಬೇಕಲ್ಲ, ಅದನ್ನ ಕಲಸ್ರಿ.”

ಮಾಸ್ತರ ಹುಬ್ಬೇರಿಸಿದ. ನೆಲದಿಂದ ಒಂದು ವಾಯರು ಎತ್ತಿ ಅದರ ತುದಿ ಬಿಚ್ಚಿ ಕೊಟ್ಟು, ಇದರ ಬಗ್ಗೆ ಏನಾದರೂ ಗೊತ್ತೇ ಎಂದು ಕೇಳಿದ. ಶೀಲಾ ಬೆರಳಿನಲ್ಲಿ ಒಂದೊಂದೇ ಬೇರೆ ಮಾಡಿ, ಬಿಳಿ-ಕೇಸರಿ, ಕೇಸರಿ, ಬಿಳಿ-ಹಸರ, ನೀಲಿ ಎಂದು ಕಡೆಯ ಕಂದಿನವರೆಗೂ ಬಸುವಿನ ರಾಗದಲ್ಲೇ ಒಪ್ಪಿಸಿದಳು. ಹುಡುಗರೆಲ್ಲ ತಲೆಯೆತ್ತಿ ನೋಡಿದರು.

“ಯಾರ ಕಲಿಸಿದ್ರು?”

“ನಿಮ್ಮ ಹುಡುಗರ್ರಿ. ನನ್ನ ಬೂತಿಗೆ ಬಂದು, ತಾವ ರೊಕ್ಕಾ ಕೊಟ್ಟು ಕಲಸ್ಯಾರ.”

ಮಾಸ್ತರ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣು ಕಿರಿದು ಮಾಡಿ, “ಮತ್ತ ನನ್ನ ಬಗ್ಗೆ ಏನಂತಾರ ಇವ್ರು?” ಅಂದ. ಮೂಲೆಯಲ್ಲಿದ್ದ ಬಸುವಿನ ಮುಖ ಬಿಳಿಚಿತು.

“ಬೂತಿನ ಮಾತು ಬೂತಿನಾಗ ಇರ್ಲಿ ಸರ್” ಅಂದಳು ಶೀಲಾ.

“ಬೈತಾರ್ರಿ, ಮತ್ತೇನಂತಾರ” ಎಂದು ನಾನು ಬಾಯಿ ಬಿಟ್ಟೆ. ನನ್ನ ಬಾಯಿ ಹಾಗೇ, ಏನು ಮಾಡಲಿ. ಮಾಸ್ತರ ಇನ್ನಷ್ಟು ನಕ್ಕು, ನಾಳೆಯಿಂದ ಬಾ ಎಂದ.

ಅಂದಿನಿಂದ ಮಧ್ಯಾಹ್ನ ಬೂತು ನೋಡಿಕೊಳ್ಳುವ ಪಾಳಿ ನನ್ನದಾಯಿತು. ಗಾಡಿಗೂ ಬೂತಿಗೂ ಓಡಾಡಿ ನನ್ನ ಧೋತರದ ಕಚ್ಚೆ ಸಡಿಲಾಯಿತು. ರಿಸೀವರಿಗೆ ಭಜಿಯ ಎಣ್ಣೆ ಮೆತ್ತಿತೆಂದು ಗಿರಾಕಿಗಳು ದೂರಿದರು. ಶೀಲಾ ಸಂಜೆ ಬಸ್ಸಿಳಿದು ಬರುವಾಗಲೇ ಮಾಸ್ತರನನ್ನು ಬೈಯುತ್ತ ಬರುತ್ತಿದ್ದಳು. “ಇವತ್ತ ಏನ ಕೆಡಸಿದ್ದ ಗೊತ್ತೇನ ಕಾಕಾ ಆ ಮನಶ್ಯಾ!” ಎಂದು ಗಾಡಿಯ ಮುಂದೆ ನಿಂತು ಎಲ್ಲವನ್ನೂ ಹೇಳುತ್ತಿದ್ದಳು. ಅವಳ ಬೆರಳಲ್ಲೂ ಗಾಯಗಳಾಗಿದ್ದವು, ಕಣ್ಣು ಮಾತ್ರ ಫಳಫಳ. ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಅವಳು ಅಷ್ಟು ಖುಷಿಯಿಂದ ಬೈಯುವುದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು.

ಬೇಸಿಗೆಗೆ ಕೋರ್ಸು ಮುಗಿಯಿತು. ಮಾಸ್ತರ ಸರ್ಟಿಫಿಕೇಟು ಕೊಟ್ಟ, ಬೆನ್ನೂ ತಟ್ಟಿದ. ಆದರೆ ಯಾರೂ ಕರೆಯಲಿಲ್ಲ. ಬೂತಿನ ಗಾಜಿಗೆ ‘ನೆಟ್‌ವರ್ಕ್ ರಿಪೇರಿ ಮಾಡಲಾಗುವುದು’ ಎಂದು ಚೀಟಿ ಅಂಟಿಸಿದಳು. ಓದಿದವರು ಅವಳ ಕಾಲು ನೋಡಿ, ಮಾತು ಬದಲಿಸಿ, ಚಹಾ ಕುಡಿದು ಹೋದರು. ಅಂಥವರ ಚಹಾಕ್ಕೆ ನಾನು ಸಕ್ಕರೆ ಕಡಿಮೆ ಹಾಕುತ್ತಿದ್ದೆ. ದಿನ ಕಳೆದಂತೆ ಶೀಲಾಳ ಬಾಯಿ ಮೆತ್ತಗಾಯಿತು. ನನಗೆ ಅದೇ ಸಂಕಟ.

ಬೇಸಿಗೆಯ ಕಡೆಗೆ ಒಂದು ಮುಂಜಾನೆ ಶ್ರೀಧರ ಟೆಂಪೋ ತಂದೇ ಬಿಟ್ಟ. ಶೀಲಾ ಜಗಳವಾಡಲಿಲ್ಲ. ಮಾತು ಕೊಟ್ಟಿದ್ದಳಲ್ಲ. ಸ್ಟೂಲು ಹೋಯಿತು, ಖೋಲಿಯ ಟ್ರಂಕು ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು, ಉಳ್ಳಾಗಡ್ಡಿ ಹೆಚ್ಚುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಫೋನಿನ ವಾಯರು ಕೀಳುವುದೊಂದೇ ಬಾಕಿ. ಅಷ್ಟರಲ್ಲಿ ಎದುರಿನ ಸೈಬರ್ ಸೆಂಟರಿನ ಶ್ರೀಶೈಲ ಏದುಸಿರು ಬಿಡುತ್ತ ಓಡಿ ಬಂದ.

“ಶೀಲಕ್ಕಾ, ಒಂದ ಫೋನು! ಮೊಬೈಲಿನಾಗ ಕರೆನ್ಸಿ ಖಾಲಿ ಆಗೇತಿ.”

ಅವತ್ತು ಪಿಯುಸಿ ರಿಸಲ್ಟು. ನೆಟ್ಟಿನಲ್ಲಿ ನೋಡಲು ಅವನ ಸೆಂಟರಿನ ಮುಂದೆ ಹುಡುಗ ಹುಡುಗಿಯರು ಮೆಟ್ಟಿಲವರೆಗೆ ನಿಂತಿದ್ದರು, ನೆಟ್ಟೇ ಕೆಟ್ಟು ಕೂತಿತ್ತು. ಶ್ರೀಶೈಲ ಬೂತಿನೊಳಗೆ ಹೋಗಿ ಹುಬ್ಬಳ್ಳಿಯ ರಿಪೇರಿಯವನಿಗೆ ಫೋನು ಹಚ್ಚಿದ. ಬಾಗಿಲು ನಾಲ್ಕು ಬೆರಳು ತೆರೆದೇ ಇತ್ತು. “ನಾಳೆ ಬಂದ್ರ ನಾ ಏನ ಮಾಡ್ಲೋ? ಇಲ್ಲಿ ಮಂದಿ ನನ್ನ ಚರ್ಮಾ ಸುಲೀತಾರ!” ಎಂದು ಅವನು ಅರಚಿದ್ದು ನನಗೂ ಕೇಳಿತು, ಶೀಲಾಳಿಗೂ ಕೇಳಿತು, ಟೆಂಪೋದ ಹಗ್ಗ ಕಟ್ಟುತ್ತಿದ್ದ ಶ್ರೀಧರನಿಗೂ ಕೇಳಿತು.

ಅವನು ಹೊರಗೆ ಬಂದಾಗ ಶೀಲಾ ಟೆಂಪೋ ಹತ್ತಿ ತನ್ನ ವಾಯರು, ಪಕ್ಕಡ ತುಂಬಿದ ಚೀಲ ತೆಗೆದುಕೊಂಡು ಇಳಿಯುತ್ತಿದ್ದಳು. “ನಾ ನೋಡ್ತೇನಿ, ನಡಿ” ಅಂದಳು. ಶ್ರೀಶೈಲ ಅವಳ ಕಾಲು ನೋಡಲಿಲ್ಲ. ಪಾಪ, ಆ ಹೊತ್ತಿಗೆ ಅವನು ಯಾರ ಕಾಲಾದರೂ ಹಿಡಿಯುತ್ತಿದ್ದ.

ನಾನೂ ಹಿಂದೆಯೇ ಹೋದೆ. ಗಾಡಿಯನ್ನು ನಾಯಿಗಳ ಪಾಲಿಗೆ ಬಿಟ್ಟು ಹೋದೆ, ಆ ಮಾತು ಬೇಡ. ಶೀಲಾ ಕಂಪ್ಯೂಟರುಗಳ ಹತ್ತಿರ ಹೋಗಲೇ ಇಲ್ಲ. ಒಳಕೋಣೆಗೆ ಹೋಗಿ ಇಂಟರ್ನೆಟ್ಟು ಬರುವ ಡಬ್ಬಿ ನೋಡಿದಳು. ಅದರ ದೀಪ ಉರಿಯುತ್ತಿತ್ತು. ಹೊರಕೋಣೆಗೆ ಬಂದು ಎಲ್ಲ ಕಂಪ್ಯೂಟರುಗಳಿಗೆ ಹಂಚುವ ಡಬ್ಬಿ ನೋಡಿದಳು. ಅದರಲ್ಲಿ ಒಂದು ದೀಪ ಮಾತ್ರ ಆರಿತ್ತು.

“ಇವೆರಡರ ನಡಕಿನ ವಾಯರು ಹೋಗೇತಿ. ಶ್ರೀಶೈಲಣ್ಣ, ಮುಂಜಾನಿಂದ ಇಲ್ಲಿ ಹೊಸದಾಗಿ ಏನ ಮಾಡೀರಿ?”

“ಏನೂ ಇಲ್ಲವಾ! ರಿಸಲ್ಟ್ ಇಲ್ಲೇ ನೋಡ್ರಿ ಅಂತ ಒಂದ ಬ್ಯಾನರ್ ಹಚ್ಚೇನಿ, ಅಷ್ಟ.”

ಎಲ್ಲರೂ ಮೇಲೆ ನೋಡಿದೆವು. ಛತ್ತಿನ ಕೆಳಗೆ ಬ್ಯಾನರು ಜೋತಾಡುತ್ತಿತ್ತು. ಅದರ ಮೊಳೆಯನ್ನು ಈ ಮಹಾರಾಯ ವಾಯರಿನ ನಡುವೆಯೇ ಜಡಿದಿದ್ದ! ಹುಡುಗರೆಲ್ಲ ಘೊಳ್ಳೆಂದು ನಕ್ಕರು. ಶೀಲಾ ಸುತ್ತ ನೋಡಿದಳು. ಬಾಗಿಲಲ್ಲಿ ಅವಳ ಅಣ್ಣ ನಿಂತಿದ್ದ.

“ಅಣ್ಣಾ, ಏಣಿ ಹತ್ತು.”

“ನಾನಾ?”

“ಮತ್ಯಾರು? ಕಾಕಾ ಹತ್ತಿದ್ರ ಏಣಿ ಮುರೀತೈತಿ.”

ಶ್ರೀಧರ ಹತ್ತಿದ. ಆಮೇಲಿನ ಸಂಭ್ರಮ ಏನು ಹೇಳಲಿ! ಕೆಳಗಿನಿಂದ ಇವಳು, “ಅದಲ್ಲೋ, ಎಡಕ್ಕ! ಎಡಕ್ಕಂದ್ರ ತಿಳೀತಿಲ್ಲೇನು? ಜಗ್ಗಬ್ಯಾಡ, ಹರೀತೈತಿ! ಹ್ಞಾಂ, ಈಗ ಈ ಹೊಸದನ್ನ ಅಲ್ಲಿ ಸಿಗಿಸು” ಎಂದು ಬೈಯುವುದು, ಮೇಲಿನಿಂದ ಅವನು ಬೆವರು ಒರೆಸುತ್ತ, “ಆತವ್ವ, ಆತು” ಅನ್ನುವುದು. ಅವಳು ನೆಲದ ಮೇಲೆ ಕುಳಿತು ಹೊಸ ವಾಯರಿನ ಎರಡೂ ತುದಿಗೆ ಪಿನ್ನು ಒತ್ತಿದಳು, ಬಾಯಲ್ಲಿ ಅದೇ ಬಿಳಿ-ಕೇಸರಿ, ಕೇಸರಿ. ಒಂದು ತುದಿ ಒಳಗಿನ ಡಬ್ಬಿಗೆ, ಇನ್ನೊಂದು ಹೊರಗಿನದಕ್ಕೆ. ಆರಿದ್ದ ದೀಪ ಪಿಳಿಪಿಳಿ ಅಂದಿತು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಹುಡುಗಿ “ಪಾಸಾದೆ!” ಎಂದು ಕಿರುಚಿದಳು. ನಾನು 'ನಾನೂ ಪಾಸಾದೆ' ಎಂಬಂತೆ ಕುಣಿದುಬಿಟ್ಟೆ.

ಶ್ರೀಶೈಲ ಕೈ ಮುಗಿದು, “ಅಕ್ಕಾ, ಇನ್ನ ಮುಂದ ನಮ್ಮ ಸೆಂಟರಿಂದು ಎಲ್ಲಾ ನೀವ ನೋಡ್ಕೊಳ್ರಿ. ನಮ್ಮ ಮಾವಂದು ಇಳಕಲ್ಲಿನಾಗ ಒಂದ ಸೆಂಟರ್ ಐತಿ, ಅಲ್ಲಿಗೂ ಬರಬೇಕು. ಕರೀಬೇಕಂದ್ರ ನಂಬರ್ ಯಾವದು?” ಎಂದು ಕೇಳಿದ.

ಶೀಲಾ ಬೂತಿನ ನಂಬರು ಹೇಳಿದಳು. ಹೇಳುವಾಗ ಅಣ್ಣನ ಕಡೆ ನೋಡಿದಳು. ಶ್ರೀಧರ ತಲೆಯ ಮೇಲಿನ ಸುಣ್ಣದ ಧೂಳು ಝಾಡಿಸಿಕೊಂಡು ಹೊರಗೆ ನಡೆದ.  ಮಂದಿಯ ಮುಂದೆ ಬೈಸಿಕೊಂಡ ಸಿಟ್ಟಿಗೆ ಈಗಲೇ ಟೆಂಪೋ ಹೊರಡಿಸುತ್ತಾನೇನೋ ಅಂದುಕೊಂಡೆ.

ಅವನು ಟೆಂಪೋದ ಹತ್ತಿರ ಹೋಗಲಿಲ್ಲ. ನೆಟ್ಟಗೆ ಬೂತಿನೊಳಗೆ ಹೋಗಿ ಗುಳೇದಗುಡ್ಡಕ್ಕೆ ಫೋನು ಹಚ್ಚಿದ. ಬಾಗಿಲು ಎಳೆದುಕೊಂಡ. ಅದು ಎಲ್ಲಿ ಮುಚ್ಚುತ್ತದೆ?

“ಯವ್ವಾ, ನಿನ್ನ ಮಗಳು ಹೆಣ್ಣಲ್ಲ, ಹುಲಿ! ಊರ ಮಂದಿ ಮುಂದ ನನ್ನ ಏಣಿ ಹತ್ತಿಸಿ ಬೈದ್ಲು. ಎಡಕ್ಕಂತ, ಬಲಕ್ಕಂತ, ಜಗ್ಗಬ್ಯಾಡಂತ. ಏನಾಗಿತ್ತು ಅಂದ್ರ, ಎರಡ ಡಬ್ಬಿ ಇರತಾವ ಯವ್ವಾ. ಒಳಗಿಂದರ ದೀಪಾ ಹತ್ತೇತಿ, ಹೊರಗಿಂದರಾಗ ಒಂದ ಆರೇತಿ. ಹಂಗಂದ್ರ ಕೆಟ್ಟದ್ದು ಎರಡೂ ಅಲ್ಲ, ನಡಕಿನ ವಾಯರು! ತಿಳೀತೇನು? ಅದರೊಳಗ ಎಂಟ ಬಣ್ಣದ ಎಳಿ...”

ನಾನು ಶೀಲಾಳ ಮುಖ ನೋಡಿದೆ, ಅವಳು ನನ್ನದು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಶ್ರೀಧರ ಬೈಯುತ್ತ ಬೈಯುತ್ತ ಇಡೀ ರಿಪೇರಿಯನ್ನು ತಾಯಿಗೆ ಒಪ್ಪಿಸುತ್ತಿದ್ದ. ಆಮೇಲೆ ಆ ಕಡೆಯಿಂದ ಏನೋ ಕೇಳಿದಂತಾಯಿತು. ಅವನು ಗಾಜಿನೊಳಗಿಂದ ತಂಗಿಯನ್ನು ನೋಡಿ ಹೇಳಿದ:

“ಇಲ್ಲ ಯವ್ವಾ, ಕರಕೊಂಡ ಬರಾಂಗಿಲ್ಲ. ಆಕಿಗೆ ಕೆಲಸ ಐತಿ.”